ಏರ್ ಫೋರ್ಕೋ, ಕಾಯಿಲ್ ಫೋರ್ಕೋ?

ಹೊಸ ಮೌಂಟನ್ ಬೈಕಿಗೆ ಸಸ್ಪೆನ್ಷನ್ ಫೋರ್ಕ್ (ಮುಂಚಕ್ರ ಹಿಡಿದು ಕುಲುಕು ಹೀರುವ ಕವಲು) ಆರಿಸುವಾಗ ಮೊದಲು ತೂಕ ನೋಡಿ. ಬೈಕಿನದಲ್ಲ, ನಿಮ್ಮದು. ಗಾಳಿಯೇ ಸ್ಪ್ರಿಂಗಾಗಿರುವ ಏರ್ ಫೋರ್ಕಾದರೆ ಶಾಕ್ ಪಂಪಿನಿಂದ ಗಾಳಿ ಹೆಚ್ಚುಕಮ್ಮಿ ಮಾಡಿದರಾಯಿತು. ಕಾಯಿಲ್‌ನಲ್ಲಿ ಒಳಗಿನ ಲೋಹದ ಸುರುಳಿ ಸ್ಪ್ರಿಂಗನ್ನೇ ಬದಲಿಸಬೇಕು. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ತುಸು ಒತ್ತಿಡುವ ತಿರುಪು) ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಫೋರ್ಕ್ ಕುಸಿಯುವ ಪ್ರಮಾಣ, ಅಷ್ಟಿಷ್ಟು ಬದಲಾಗುತ್ತದೆ ಅಷ್ಟೇ.

ಟ್ರೇಲ್ ಸವಾರಿಗೆ ಸ್ಯಾಗ್ ಸುಮಾರು 20% ಇರಲಿ. ಟ್ರಾವೆಲ್ (ಫೋರ್ಕ್ ಒಟ್ಟು ಕುಗ್ಗಬಲ್ಲ ದೂರ) 140 ಮಿ.ಮೀ. ಇದ್ದರೆ, ಹೆಲ್ಮೆಟ್, ಬೆನ್ನಚೀಲದ ಸಮೇತ ಪೆಡಲ್ ಮೇಲೆ ನಿಂತಾಗ ಫೋರ್ಕಿನ ಕೊಳವೆ ಮೇಲಿನ ರಬ್ಬರ್ ಓ-ರಿಂಗ್ 28 ಮಿ.ಮೀ. ಸರಿಯಬೇಕು.

ಸಣ್ಣ ಕಲ್ಲುಗಳ ದಾರಿಯಲ್ಲಿ ಕಾಯಿಲ್ ಫೋರ್ಕೇ ನಯ, ಏಕೆಂದರೆ ಗಾಳಿ ಹಿಡಿಯುವ ಸೀಲಿನ ಘರ್ಷಣೆ ಅದಕ್ಕಿಲ್ಲ. ಜಿಗಿತಗಳಿಗೆ ಏರ್ ವಾಸಿ: ಒತ್ತಿದಷ್ಟೂ ಬಿಗಿಯಾಗುತ್ತದೆ. ಆದರೂ ತಳ ಮುಟ್ಟಿ 'ಠಕ್' ಎಂದರೆ ಗಾಳಿ ತುಂಬುತ್ತಲೇ ಹೋಗಬೇಡಿ, ಒಂದು ವಾಲ್ಯೂಮ್ ಸ್ಪೇಸರ್ (ಒಳಗೆ ಗಾಳಿಯ ಜಾಗ ಕಿರಿದಾಗಿಸುವ ತುಂಡು) ಸೇರಿಸಿ. ಏರ್ ಹಗುರವೂ ಹೌದು. ಹೆಚ್ಚಿನವರಿಗೆ ಅದೇ ಸರಿ.

ಯಾವುದೇ ಕೊಂಡರೂ ಫ್ರೇಮಿಗೆ ಹೇಳಿದ ಟ್ರಾವೆಲ್ ಮೀರಬೇಡಿ. 20 ಮಿ.ಮೀ. ಹೆಚ್ಚಿದರೆ ಹೆಡ್ ಆಂಗಲ್ (ಫೋರ್ಕ್ ಕೂರುವ ಫ್ರೇಮಿನ ಮುಂಗೊಳವೆಯ ಓರೆ) ಸುಮಾರು 1 ಡಿಗ್ರಿ ಮಲಗಿ, ಏರುದಾರಿಯಲ್ಲಿ ಮುಂಚಕ್ರ ಅಲೆದಾಡುತ್ತದೆ. ಮುಂಚಕ್ರದ ನಡುವಿನ ಹಬ್ ಕೂಡ ಅಳೆಯಿರಿ: 15×100 (ಆಕ್ಸಲ್ ದಪ್ಪ × ಹಬ್ ಅಗಲ, ಮಿ.ಮೀ.) ಹಬ್ 15×110 ಫೋರ್ಕಿಗೆ ನೇರವಾಗಿ ಕೂರುವುದಿಲ್ಲ.