ಅವ್ವನ ಗುಳಗಿ ಮತ್ತ ನಮ್ಮ ಓಣಿಯ ಜನೌಷಧಿ ಅಂಗಡಿ

ಎರಡು ವರ್ಷ ಆತು, ಅವ್ವನ ಸಕ್ಕರಿ, ಬಿಪಿ ಗುಳಗಿ ಕಲಬುರಗಿಯ ನಮ್ಮ ಓಣಿ ಬಾಜೂಕಿನ ಜನೌಷಧಿ ಕೇಂದ್ರದಿಂದನೇ ತರ್ತೀನಿ. ಮೊದಲ ಕಂಪನಿ ಗುಳಗಿಗೆ ತಿಂಗಳಿಗೆ ಸಾವಿರದ ಹತ್ತಿರ ಹೋಗ್ತಿತ್ತು. ಈಗ ಇನ್ನೂರರ ಆಚಿಗಿ ದಾಟಲ್ಲ. ಉಳಿದ ರೊಕ್ಕದಾಗ ತಿಂಗಳ ತೊಗರಿಬ್ಯಾಳಿ ಆಗ್ತದ.

ಅವ್ವ ಮೊದಲ ನಂಬಲಿಲ್ಲ. ‘ಇಷ್ಟು ಸೋವಿ ಅಂದ್ರ ಒಳಗ ಸುಣ್ಣ ತುಂಬ್ಯಾರೇನೋ?’ ಅಂದಳು. ಮೂರು ತಿಂಗಳಿಗೆ ರಕ್ತ ತೋರಿಸಿದ್ರ ಸಕ್ಕರಿ ಮೊದಲಿನಂಗೇ ಇತ್ತು. ಆಮ್ಯಾಲ ಸುಮ್ಮನಾದಳು.

ಸೋವಿ ಯಾಕ ಅಂತ ನನಗ ತಿಳಿಸಿದವರು ಓಣಿಯ ಕಾಕಾ. ರಕ್ತದ ಕ್ಯಾನ್ಸರಿಗೆ ಇಮಾಟಿನಿಬ್ ತಗೋತಾರ, ಪೇಟೆಂಟ್ ಕಾಯ್ದೆ ವಕೀಲರಿಗಿಂತ ಚಲೋ ಗೊತ್ತು ಅವರಿಗೆ. ಪೇಟೆಂಟ್ ಅಂದ್ರ ಹೊಸದು ಕಂಡುಹಿಡಿದವರ ಬಿಟ್ಟು ಬ್ಯಾರೆಯವರು ಮಾಡಬಾರದು ಅನ್ನೋ ಹಕ್ಕು. 1970ರ ಕಾಯ್ದೆ ಔಷಧಕ್ಕ ಪೇಟೆಂಟ್ ಕೊಡ್ತಿರಲಿಲ್ಲ, ಮಾಡೋ ವಿಧಾನಕ್ಕಷ್ಟೇ. ಅದೇ ಗುಳಗಿ ಬ್ಯಾರೆ ದಾರೀಲೆ ಮಾಡೋದು ನಮ್ಮ ಕಂಪನಿಗಳು ಕಲ್ತವು. ಎಚ್‌ಐವಿಯ ಮೂರು ಔಷಧಕ್ಕ ಒಬ್ಬರಿಗೆ ವರ್ಷಕ್ಕ 10,000 ಡಾಲರ್ ಮ್ಯಾಲ ಬೀಳ್ತಿದ್ದ ಕಾಲದಾಗ, 2001ರಾಗ ನಮ್ಮ ದೇಶದ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡ್ತೀನಿ ಅಂತು. ಆಫ್ರಿಕಾದ ಬಡ ದೇಶಗಳಿಗೆ ಆ ಬೆಲಿನೇ ಬಾಗಿಲು ತೆರೀತು. 2005ರಾಗ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕ ತಕ್ಕಂಗ ಕಾಯ್ದೆ ಬದಲಾತು, ಔಷಧಕ್ಕೂ ಪೇಟೆಂಟ್ ಬಂತು. ಆದ್ರ 3(ಡಿ) ಅನ್ನೋ ಕಲಮು ಹಾಕಿದರು: ಹಳೇ ಔಷಧದ ರೂಪ ಬದಲಿಸಿದ್ರ ಸಾಲದು, ಗುಣ ಹೆಚ್ಚಾಗಬೇಕು. ಅದರ ಮ್ಯಾಲೇ 2013ರಾಗ ಸುಪ್ರೀಂ ಕೋರ್ಟ್ ಸ್ವಿಸ್ ಕಂಪನಿ ನೋವಾರ್ಟಿಸ್‌ನ ಗ್ಲಿವೆಕ್ ಪೇಟೆಂಟ್ ಅರ್ಜಿ ತಳ್ಳಿಹಾಕಿತು. ಗ್ಲಿವೆಕ್ ಅಂದ್ರ ಕಾಕಾರ ಇಮಾಟಿನಿಬ್ಬೇ. ‘ನಾ ಬದುಕಿದ್ದು ಒಂದು ಕಲಮಿನಿಂದ’ ಅಂತ ನಗ್ತಾರ.

ಅವ್ವನ ಗುಳಗಿ ಹಳೇವು, ಪೇಟೆಂಟ್ ತಂಟಿ ಇಲ್ಲ. ತಂಟಿ ಅಂಗಡ್ಯಾಗ. ಮೇ ತಿಂಗಳ ಬಿಸಲಾಗ ಹೋದ್ರ ಬಿಪಿ ಗುಳಗಿಗೆ ‘ಟೆಲ್ಮಿಸಾರ್ಟನ್ ಖಾಲಿ ಆಗ್ಯದ್ರಿ, ಸೋಮವಾರ ಬರ್ರಿ’. ಸೋಮವಾರ ಹೋದ್ರ ಗುರುವಾರ. ಕಡೀಕ ಕಂಪನಿ ಗುಳಗಿನೇ ತಂದೆ, ಅವತ್ತಿನ ಸಿಟ್ಟು ಇನ್ನೂ ಅದ. ಡಾಕ್ಟರು ಚೀಟಿ ಮ್ಯಾಲ ಕಂಪನಿ ಹೆಸರೇ ಬರೀತಾರ; ಪಾಪ, ಕೌಂಟರಿನ ಹುಡುಗ ಮೊಬೈಲ್‌ದಾಗ ಹುಡುಕಿ ಸಾಲ್ಟ್ ಹೆಸರು, ಅಂದ್ರ ಒಳಗಿನ ಔಷಧದ ಹೆಸರು ಹೇಳ್ತಾನ. ಮಾತು ಚಲೋ, ಬೇಸರ ಮಾಡ್ಕೊಳಲ್ಲ.

ಅಂಗಡಿಗೆ ಐದಕ್ಕ ಮೂರೂವರಿ ಅಂಕ ಕೊಡ್ತೀನಿ. ಹೋಗೋರು ಗುಳಗಿ ಮುಗಿಯೋಕಿಂತ ಹತ್ತು ದಿನ ಮೊದಲ ಹೋಗ್ರಿ, ಹಳೇ ಪಟ್ಟಿ ಒಯ್ರಿ. ಚಿಲ್ರಿ ಸುದ್ದಾ, ಅವನ ಹತ್ರ ಯಾವತ್ತೂ ಇರಲ್ಲ.