ರೆಡ್ ಲೇಡಿ ಪಪ್ಪಾಯಿ ಸಸಿ: ಗಂಡು ಗಿಡದ ಕಾಟ ಇಲ್ಲ, ಬಿಸಿಲಿನ ಕಾಟ ಇದೆ

ಹಿತ್ತಲಲ್ಲಿ ಮೂರ್ನಾಲ್ಕು ಪಪ್ಪಾಯಿ ಗಿಡ ಇದ್ದರೆ ಸಾಕು ಅನ್ನುವವರು ರೆಡ್ ಲೇಡಿ ಸಸಿಯನ್ನು ಧಾರಾಳವಾಗಿ ಕೊಳ್ಳಬಹುದು. ಕಲಬುರಗಿಯಲ್ಲಿ ತೈವಾನ್ ಪಪ್ಪಾಯಿ ಅಂತ ಕೇಳಿದರೂ ಇದನ್ನೇ ಕೊಡುತ್ತಾರೆ. ತೈವಾನಿನ ಹೈಬ್ರಿಡ್ ತಳಿ, ಪ್ಯಾಕೆಟ್ ಮೇಲೆ 786 ಅಂತ ನಂಬರ್ ಇರುತ್ತದೆ. ನಾನು ಸಸಿಗೆ 30 ರೂಪಾಯಿ ಕೊಟ್ಟೆ. ಜವಾರಿ ಸಸಿಗಿಂತ ಜಾಸ್ತಿಯೇ. ಆದರೆ ಈ ತಳಿಯಲ್ಲಿ ಬರುವುದು ಹೆಣ್ಣು ಗಿಡ, ಇಲ್ಲವೇ ಎರಡೂ ಇರುವ ದ್ವಿಲಿಂಗಿ ಗಿಡ. ಕಾಯಿ ಕೊಡದ ಬರೀ ಗಂಡು ಗಿಡ ಬರುವುದಿಲ್ಲ. ದುಡ್ಡು ಕೊಡುವುದು ಅದಕ್ಕೇ.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಅತ್ತೆಯವರ ಕಥೆ ಕೇಳಬೇಕು. ತಳ್ಳುಗಾಡಿಯವನೊಬ್ಬ ಓಣಿಗೆ ಬಂದು, "ಇವೆಲ್ಲಾ ಹೆಣ್ಣ ಗಿಡನೇ ಅವ ನೋಡ್ರಿ ಅವ್ವಾರೆ, ಗ್ಯಾರಂಟಿ" ಅಂದ. ಬೇರು ಕವಲೊಡೆದರೆ ಹೆಣ್ಣು, ನೆಟ್ಟಗೆ ಇಳಿದರೆ ಗಂಡು ಅಂತ ಮಣ್ಣು ಕೊಡವಿ ತೋರಿಸಿದ. ಸುಮ್ನೆ ಮಾತು ಅದು. ಸಸಿಯ ಎಲೆ, ಬೇರು ನೋಡಿ ಗಂಡು ಹೆಣ್ಣು ಹೇಳಲು ಬರುವುದಿಲ್ಲ. ಹೂ ಬಿಡುವವರೆಗೆ ನಾಲ್ಕೈದು ತಿಂಗಳು ನೀರು ಹಾಕಿ ಕಾಯಬೇಕು. ಅತ್ತೆಯವರೂ ಕಾದರು. ಒಂದೊಂದು ಗಿಡದಲ್ಲೂ ಮೊಳದುದ್ದದ ದಂಟು ಜೋತುಬಿದ್ದು, ಅದರ ತುಂಬ ಸಣ್ಣ ಸಣ್ಣ ಹೂ. ಎಲ್ಲಾ ಗಂಡು! ಗಾಡಿಯವನು ಆಮೇಲೆ ಈ ಕಡೆ ಸುಳಿಯಲಿಲ್ಲ.

ರೆಡ್ ಲೇಡಿಯಲ್ಲಿ ಮೊದಲ ಹೂ ಬಂದಾಗ ನಾನು ಒಂದೊಂದು ಗಿಡದಿಂದ ಒಂದೊಂದು ಕಿತ್ತು ಬಿಡಿಸಿ ನೋಡಿದೆ. ಹೆಣ್ಣು ಹೂವಿನ ಎಸಳು ಬುಡದವರೆಗೂ ಬಿಡಿ ಬಿಡಿ. ಒಳಗೆ ದಪ್ಪ ಹೊಟ್ಟೆಯ ಪುಟ್ಟ ಕಾಯಿ, ತುದಿಯಲ್ಲಿ ಜಾಲರಿಯಂಥ ಕುಚ್ಚು, ಹಳದಿ ಪುಡಿಯ ಸುಳಿವೇ ಇಲ್ಲ. ದ್ವಿಲಿಂಗಿಯಲ್ಲಿ ಕಾಯಿ ಸಪೂರ, ಉದ್ದ. ಎಸಳು ಕೆಳಗಡೆ ಅಂಟಿಕೊಂಡಿರುತ್ತವೆ, ಸುತ್ತ ಹಳದಿ ಕೇಸರಗಳು. ಬೆರಳಿಗೆ ಪುಡಿ ಹತ್ತುತ್ತದೆ. ಮುಂದೆ ಹೆಣ್ಣು ಗಿಡದಲ್ಲಿ ಗುಂಡನೆ ಹಣ್ಣು, ಒಳಗೆ ಪೊಳ್ಳು ಜಾಸ್ತಿ. ದ್ವಿಲಿಂಗಿಯಲ್ಲಿ ಉದ್ದನೆ ಹಣ್ಣು, ದಪ್ಪ ತಿರುಳು. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಗಾಡಿಗಳ ಮೇಲೆ ಜೋಡಿಸಿಟ್ಟಿರುವುದು ಹೆಚ್ಚಾಗಿ ಈ ಉದ್ದದ್ದೇ. ನಮ್ಮ ಮನೆಯಲ್ಲಿ ಒಂದೂವರೆ ಕಿಲೋ ತೂಗಿದವು. ಕೆಂಪು ತಿರುಳು, ಒಳ್ಳೆ ಸಿಹಿ.

ಒಂದೇ ಗಿಡ ನೆಡಬೇಡಿ. ಅದು ಹೆಣ್ಣಾದರೆ ಪರಾಗ ಎಲ್ಲಿಂದ ಬರಬೇಕು? ಮೂರಾದರೂ ಇರಲಿ, ಒಂದಾದರೂ ದ್ವಿಲಿಂಗಿ ಸಿಗುವ ಸಂಭವ ಹೆಚ್ಚು.

ಇನ್ನು ಬಿಸಿಲು. ಏಪ್ರಿಲ್ ಕೊನೆಗೆ ನಮ್ಮಲ್ಲಿ 42 ಡಿಗ್ರಿ ದಾಟಿತೆಂದರೆ ದ್ವಿಲಿಂಗಿ ಗಿಡದ ಹೂ ಗಂಡಿನಂತೆ ಆಡುತ್ತದೆ. ಒಳಗಿನ ಕಾಯಿ ಸೊರಗಿ, ಹೂ ಉದುರಿ, ಕಾಂಡದ ಮೇಲೆ ಒಂದಷ್ಟು ಜಾಗ ಖಾಲಿ ಉಳಿಯುತ್ತದೆ. ಮಳೆ ಬಿದ್ದು ತಂಪಾದ ಮೇಲೆ ಮತ್ತೆ ಕಾಯಿ. ಇದಕ್ಕೆ ಸಸಿ ಮಾರಿದವರನ್ನು ಬೈಯುವುದು ತಪ್ಪು, ದ್ವಿಲಿಂಗಿ ಪಪ್ಪಾಯಿಯ ಸ್ವಭಾವವೇ ಹಾಗೆ. ಹೆಣ್ಣು ಗಿಡ ಮಾತ್ರ ಬಿಸಿಲಿಗೆ ಬಣ್ಣ ಬದಲಿಸುವುದಿಲ್ಲ. ಅಂಗಡಿಯವರು ಉದ್ದ ಹಣ್ಣನ್ನೇ ಹೊಗಳುತ್ತಾರೆ, ಆದರೆ ನಮ್ಮೂರಿನ ಹಿತ್ತಲಿಗೆ ಗುಂಡು ಹಣ್ಣಿನ ಗಿಡವೂ ಬೇಕು ಅನ್ನುವುದು ನನ್ನ ಲೆಕ್ಕ.

ಎರೆ ಮಣ್ಣಾದರೆ ಏರು ಮಾಡಿ ನೆಡಿ. ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆತು ಗಿಡ ಮಗುಚಿ ಬೀಳುತ್ತದೆ. ಕೊಳ್ಳುವಾಗ ಗೇಣುದ್ದದ ಸಸಿ ಆರಿಸಿ. ಕವರಿನಲ್ಲೇ ಎತ್ತರ ಬೆಳೆದು ಬೇರು ಸುತ್ತಿಕೊಂಡಿದ್ದು ಬೇಡ. ಎಲೆ ಮುದುಡಿ ಹಳದಿ ಮಚ್ಚೆ ಇದ್ದರೆ ಅದು ವೈರಸ್ ಇರಬಹುದು, ಮುಟ್ಟಲೇಬೇಡಿ.

ಹಣ್ಣು ತಿಂದವರೆಲ್ಲ ಬೀಜ ಕೇಳುತ್ತಾರೆ. ದ್ವಿಲಿಂಗಿ ಹೂ ತನ್ನದೇ ಪರಾಗದಿಂದ ಕಟ್ಟಿದ ಬೀಜವಾದರೆ ಗಂಡು ಹುಟ್ಟುವುದಿಲ್ಲ, ಹಣ್ಣಿನ ಗುಣ ಮಾತ್ರ ಹೆಚ್ಚುಕಮ್ಮಿ ಆಗಬಹುದು. ಆದರೆ ಅತ್ತೆಯವರು ತಮ್ಮ ಗಂಡು ಗಿಡಗಳಲ್ಲಿ ಒಂದನ್ನು, ನೆರಳಿಗಿರಲಿ ಅಂತ, ಕಡಿಯಲು ಬಿಟ್ಟಿಲ್ಲ. ಅದರ ಪರಾಗ ಯಾವ ಹೂವಿಗೆ ಬಿದ್ದಿದೆಯೋ ಯಾರಿಗೆ ಗೊತ್ತು? ಹಾಗಾಗಿ ನಾನು ಹಣ್ಣು ಕೊಡುತ್ತೇನೆ, ಸಸಿ ಮಾತ್ರ ನರ್ಸರಿಯಲ್ಲೇ ತನ್ನಿ ಅನ್ನುತ್ತೇನೆ.