ಜ್ವರ ಇರಲಿಲ್ಲ, ಹೊಟ್ಟೆ ಮೆತ್ತಗಿತ್ತು. ಒಳಗೆ ಮಾತ್ರ ಕೀವು ತುಂಬಿತ್ತು

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ದಯವಿಟ್ಟು ಇದನ್ನು ಓದಿ. ಗ್ಯಾಸ್ಟ್ರಿಕ್ ಅಂತ ನಂಬಿ ನಾವು ಎಂಟು ದಿನ ಕಳೆದೆವು.

ಕಳೆದ ಆಗಸ್ಟ್. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದಿದ್ದವು. ಕಟಪಾಡಿಯ ನಮ್ಮ ಮನೆಯಲ್ಲಿ ದಿನಾ ಮೀನು. ಅಪ್ಪನಿಗೆ 76 ವರ್ಷ. ಶುಗರ್ ಉಂಟು, ಬಿಪಿಗೆ ಮೆಟೊಪ್ರೊಲಾಲ್, ಮಂಡಿನೋವಿಗೆ ದಿನಾ ಪ್ಯಾರಾಸಿಟಮಾಲ್. ಬಾಯಲ್ಲಿ ಹಲ್ಲಿನ ಸೆಟ್. ಇವೆಲ್ಲ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲ ದಿನ ಹೊಕ್ಕುಳಿನ ಬಲಕ್ಕೆ ನೋವು ಅಂದರು. ಅಮ್ಮ ಓಮದ ನೀರು ಕೊಟ್ಟರು. ರಾತ್ರಿಗೆ ನೋವು ಇಳಿಯಿತು. ನಾವು ನಿಶ್ಚಿಂತೆಯಿಂದ ಮಲಗಿದೆವು. ಮರುದಿನದಿಂದ ಊಟ ಕಡಿಮೆಯಾಯಿತು. ಬಟ್ಟಲು ತುಂಬ ಗಂಜಿ ಉಣ್ಣುವವರು ನಾಲ್ಕು ಚಮಚಕ್ಕೆ ಸಾಕು ಅನ್ನುತ್ತಿದ್ದರು. ಹತ್ತಿರದ ಕ್ಲಿನಿಕ್‌ನಲ್ಲಿ ಹೊಟ್ಟೆ ಒತ್ತಿ ನೋಡಿ, "ಮೆತ್ತಗುಂಟು, ಜ್ವರ ಇಲ್ಲ, ಗ್ಯಾಸ್" ಅಂದರು. ಮಾತ್ರೆ ಕೊಟ್ಟರು. ನಾಲ್ಕನೇ ದಿನ ಹೊಟ್ಟೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಮಾಡಿಸಿದೆವು. ಗ್ಯಾಸ್ ಜಾಸ್ತಿ ಇರುವುದರಿಂದ ಕರುಳಿನ ಭಾಗ ಸರಿಯಾಗಿ ಕಾಣುತ್ತಿಲ್ಲ ಅಂತ ರಿಪೋರ್ಟ್‌ನಲ್ಲಿತ್ತು. ನಾವು ಅದನ್ನು "ಏನೂ ಇಲ್ಲ" ಅಂತ ಓದಿಕೊಂಡೆವು. ಕಾಣಲಿಲ್ಲ ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ. ಇದು ನನಗೆ ಈಗಲೂ ಚುಚ್ಚುತ್ತದೆ.

ಏಳನೇ ರಾತ್ರಿ ಅಪ್ಪ ಎದ್ದು ಕೂತು, "ದನಕ್ಕೆ ಹುಲ್ಲು ಹಾಕಿದ್ಯಾ ಮಗಾ?" ಅಂತ ಕೇಳಿದರು. ದನ ಕೊಟ್ಟು ಹತ್ತು ವರ್ಷವಾಯಿತು. ಅಮ್ಮ "ಪ್ರಾಯ ಆಯ್ತಲ್ಲ" ಅಂದರು. ಬೆಳಿಗ್ಗೆ ನಾನು ಅವರನ್ನು ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೊರಟೆ. ಹೆದ್ದಾರಿಯ ಒಂದೊಂದು ಹೊಂಡಕ್ಕೂ ಅಪ್ಪ ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿಯುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಗಾಡಿ ಕುಲುಕಿದರೆ ಹೊಟ್ಟೆ ನೋಯುವುದು ಒಳಗಿನ ಪೊರೆಗೆ ಸೋಂಕು ತಾಗಿರುವುದರ ಗುರುತು ಅಂತ ಆಮೇಲೆ ಡಾಕ್ಟರ್ ಹೇಳಿದರು.

ಅಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಸಣ್ಣ ಕರುಳಿನ ಕೊನೆಯ ಹತ್ತಿರ 6 ಸೆಂಟಿಮೀಟರ್ ಅಗಲದ ಕೀವಿನ ಗಂಟು. ಅದರ ನಡುವೆ ಬೆಳ್ಳಗೆ ಸಣ್ಣ ಗೆರೆ. ಮೀನಿನ ಮುಳ್ಳು! ಕರುಳನ್ನು ಚುಚ್ಚಿ ಹೊರಬಂದಿತ್ತು. ಯಾವತ್ತು ನುಂಗಿದ್ದು ಅಂತ ಅಪ್ಪನಿಗೆ ನೆನಪೇ ಇಲ್ಲ. ಮೇಲಿನ ಸೆಟ್ ಅಂಗುಳವನ್ನು ಮುಚ್ಚಿರುವುದರಿಂದ ಬಾಯಿಗೆ ಮುಳ್ಳು ಗೊತ್ತಾಗುವುದು ಕಡಿಮೆಯಂತೆ.

ಜ್ವರ ಯಾಕೆ ಬರಲಿಲ್ಲ ಅಂತ ಕೇಳಿದೆ. ವಯಸ್ಸಾದವರಲ್ಲಿ ಸೋಂಕು ಜೋರಾಗಿದ್ದರೂ ಜ್ವರ ಏರದೇ ಇರಬಹುದು, ಹೊಟ್ಟೆ ಗಟ್ಟಿಯಾಗದೇ ಇರಬಹುದು, ಬಿಳಿ ರಕ್ತಕಣದ ಲೆಕ್ಕವೂ ಸರಿಯಿರಬಹುದು. ಅದರ ಮೇಲೆ ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚುತ್ತದೆ. ಮೆಟೊಪ್ರೊಲಾಲ್ ನಾಡಿ ಓಡದಂತೆ ಹಿಡಿಯುತ್ತದೆ. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ನೋವೇ ಅಡಗಿರಬಹುದು. ಮೊದಲ ದಿನ ನೋವು ಇಳಿದದ್ದು ಗುಣವಾಗಿ ಅಲ್ಲ.

ಟ್ಯೂಬ್ ಹಾಕಿ ಕೀವು ತೆಗೆದರು, ಆಂಟಿಬಯೋಟಿಕ್ ಕೊಟ್ಟರು, ಆಮೇಲೆ ಆಪರೇಷನ್ ಮಾಡಿ ಮುಳ್ಳನ್ನೂ ಹಾಳಾದ ಕರುಳಿನ ತುಂಡನ್ನೂ ತೆಗೆದರು. ಅಪ್ಪ ಉಳಿದರು. ಮೊದಲಿನ ಶಕ್ತಿ ಇನ್ನೂ ಬಂದಿಲ್ಲ.

ಮುಳ್ಳು ಒಂದೇ ಕಾರಣ ಅಂದುಕೊಳ್ಳಬೇಡಿ. ಅಪೆಂಡಿಕ್ಸ್ ಒಡೆದರೂ, ದೊಡ್ಡ ಕರುಳಿನ ಗೋಡೆಯಲ್ಲಿ ಆಗುವ ಸಣ್ಣ ಚೀಲಗಳು ಒಡೆದರೂ, ಕ್ಯಾನ್ಸರ್ ಗಡ್ಡೆಯಿಂದ ತೂತಾದರೂ ಹೀಗೇ ಕೀವು ಕಟ್ಟಬಹುದು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ದಿನಾ ತಿನ್ನುವವರಿಗೆ ಹುಣ್ಣಾಗಿ ತೂತು ಬೀಳುವ ಭಯ ಜಾಸ್ತಿ.

ಊಟ ಬಿಟ್ಟರೆ, ಮಂಕಾದರೆ, ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಮೂತ್ರ ಕಡಿಮೆಯಾದರೆ ಅದನ್ನು ಪ್ರಾಯದ ಲೆಕ್ಕಕ್ಕೆ ಹಾಕಬೇಡಿ. ಜೊತೆಗೆ ಹೊಟ್ಟೆನೋವು ಇದ್ದರೆ, ಮೊದಲಿದ್ದು ಈಗ ಹೋಗಿದ್ದರೂ, ಸರ್ಜನ್ ಇರುವ ಆಸ್ಪತ್ರೆಗೆ ಅವತ್ತೇ ಹೋಗಿ. ತಿನ್ನುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. "ಇವರು ಯಾವಾಗಲೂ ಹೀಗಿರುವುದಿಲ್ಲ, ಸಿಟಿ ಸ್ಕ್ಯಾನ್ ಬೇಕಾಗುತ್ತದಾ?" ಅಂತ ಬಾಯಿಬಿಟ್ಟು ಕೇಳಿ. ನಾನು ಕೇಳಿದ್ದು ಎಂಟನೇ ದಿನ.